ಒಂದೇ ಬಿಲ್ಲು, ಒಂದೇ ದ್ವೀಪ

ಮಾಲ್ಡೀವ್ಸ್‌ನ ವೆಲಾನಾ ವಿಮಾನ ನಿಲ್ದಾಣ ಇರುವುದೇ ಒಂದು ಪುಟ್ಟ ದ್ವೀಪದ ಮೇಲೆ. ಸೂಟ್‌ಕೇಸ್ ಎಳೆದುಕೊಂಡು ಹೊರಬಾಗಿಲು ದಾಟಿದರೆ ಎದುರಿಗೇ ದೋಣಿಕಟ್ಟೆ, ಅದರಾಚೆ ಹಸಿರುನೀಲಿ ನೀರು. ಸಾಲು ಕೌಂಟರ್‌ಗಳ ಮುಂದೆ ರೆಸಾರ್ಟ್‌ಗಳ ಸಿಬ್ಬಂದಿ ಹೆಸರಿನ ಫಲಕ ಹಿಡಿದು ನಿಂತಿರುತ್ತಾರೆ. ಬೆಂಗಳೂರಿನಿಂದ ಸುಮಾರು ಎರಡು ಗಂಟೆ ಹಾರಿ ಬಂದಿಳಿಯುವವರಲ್ಲಿ ಕೈಯ ಮದರಂಗಿ ಇನ್ನೂ ಮಾಸದ ಹೊಸ ಜೋಡಿಗಳಿರುತ್ತವೆ. ಮಕ್ಕಳನ್ನು ಊರಲ್ಲಿ ಬಿಟ್ಟು ಇಪ್ಪತ್ತೈದನೇ ವರ್ಷದ ವಾರ್ಷಿಕೋತ್ಸವಕ್ಕೆ ಹೊರಟ ನಡುವಯಸ್ಸಿನವರೂ ಇರುತ್ತಾರೆ. ಫಲಕದಲ್ಲಿ ತಮ್ಮ ಹೆಸರು ಕಂಡ ಕೂಡಲೇ ಚೀಲಗಳು ಇನ್ನೊಬ್ಬರ ಕೈ ಸೇರುತ್ತವೆ. ಅಲ್ಲಿಂದ ಮುಂದೆ ನಾಲ್ಕೈದು ದಿನ ಎಲ್ಲಿ ಉಣ್ಣುವುದು, ಎಷ್ಟು ಕೊಡುವುದು, ಹೇಗೆ ಹೋಗುವುದು ಎಂಬ ಯಾವ ಯೋಚನೆಯೂ ಅವರಿಗಿಲ್ಲ. ಅವರು ದುಡ್ಡು ತೆತ್ತಿರುವುದು ಮುಖ್ಯವಾಗಿ ಈ ನಿಶ್ಚಿಂತೆಗೇ.

ಇದನ್ನು ಆಲ್ ಇನ್‌ಕ್ಲೂಸಿವ್ ಎನ್ನುತ್ತಾರೆ. ಛತ್ರ, ಅಡುಗೆ, ಅಲಂಕಾರ, ವಾಲಗ, ಫೋಟೊ ಎಲ್ಲವನ್ನೂ ಒಬ್ಬರಿಗೇ ಗುತ್ತಿಗೆ ಕೊಟ್ಟು ಮದುವೆ ಮನೆಯವರು ಹಗುರಾಗುವಂತೆ, ಇಲ್ಲಿ ಕೋಣೆ, ಮೂರು ಹೊತ್ತಿನ ಊಟ, ತಿಂಡಿ, ಪಾನೀಯ, ಒಂದಿಷ್ಟು ಆಟಪಾಟ ಎಲ್ಲಕ್ಕೂ ಸೇರಿಸಿ ಮೊದಲೇ ಒಂದು ಮೊತ್ತ ಕಟ್ಟಿಬಿಡುವುದು. ತಿಂಗಳುಗಟ್ಟಲೆ ಸೀರೆ ಅಂಗಡಿ, ಒಡವೆ ಅಂಗಡಿ, ಆಮಂತ್ರಣ ಹಂಚಿಕೆ, ಬೀಗರೂಟ ಎಂದು ಓಡಾಡಿ ಹೈರಾಣಾದ ಜೋಡಿಗೆ ಪ್ರತಿ ಹೊತ್ತೂ ಮೆನು ಕಾರ್ಡಿನ ಬಲಗಡೆಯ ಅಂಕಿ ನೋಡಬೇಕಾಗಿಲ್ಲ ಎಂಬುದೇ ದೊಡ್ಡ ಬಿಡುವು. ಪ್ರವಾಸದಲ್ಲಿ ಗಂಡಹೆಂಡಿರ ನಡುವೆ ಹುಟ್ಟುವ ಸಣ್ಣಪುಟ್ಟ ಜಗಳಗಳಲ್ಲಿ ಎಷ್ಟೋ ಖರ್ಚಿನ ಮೇಲೆ, ಮುಂದೇನು ಮಾಡುವುದೆಂಬ ತೀರ್ಮಾನದ ಮೇಲೆ ಹುಟ್ಟುವಂಥವು. ಈ ಏರ್ಪಾಟು ಎರಡನ್ನೂ ದೂರವಿಡುತ್ತದೆ. ಅದರ ಜನಪ್ರಿಯತೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಈ ಪದ್ಧತಿ ಹುಟ್ಟಿದ್ದು ಐಷಾರಾಮದಿಂದ ಅಲ್ಲವೇ ಅಲ್ಲ. ಎರಡನೇ ಮಹಾಯುದ್ಧ ಮುಗಿದು ಐದು ವರ್ಷವಾಗಿತ್ತು. ಬೆಲ್ಜಿಯಂನ ವಾಟರ್ ಪೋಲೊ ಆಟಗಾರ ಜೆರಾರ್ ಬ್ಲಿಟ್ಸ್ 1950ರಲ್ಲಿ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಅಲ್ಕೂದಿಯಾ ಕಡಲತೀರದಲ್ಲಿ ಡೇರೆಗಳನ್ನು ಹಾಕಿಸಿ ‘ಕ್ಲಬ್ ಮೆಡಿಟರೇನಿ’ ಆರಂಭಿಸಿದರು. ಯುದ್ಧದಿಂದ ಬಸವಳಿದ ಜನರಿಗೆ ಬಿಸಿಲು, ಈಜು, ಊಟ ಎಲ್ಲವೂ ಒಂದೇ ದರದಲ್ಲಿ ಸಿಗಲಿ ಎಂಬುದು ಅವರ ಆಸೆ. ಅತಿಥಿಗಳು ಡೇರೆಯಲ್ಲೇ ಮಲಗುತ್ತಿದ್ದರು, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಆ ಡೇರೆಗಳನ್ನು ಒದಗಿಸಿದ ಕುಟುಂಬದ ಜಿಲ್ಬೆರ್ ತ್ರಿಗಾನೊ ಮುಂದೆ ಸಂಸ್ಥೆಯ ಚುಕ್ಕಾಣಿ ಹಿಡಿದು ಅದನ್ನು ಜಗತ್ತಿನಾದ್ಯಂತ ಬೆಳೆಸಿದರು. ಈಜುಡುಗೆಯಲ್ಲಿ ಜೇಬು ಎಲ್ಲಿಂದ ಬರಬೇಕು? ಹಾಗಾಗಿ ಕ್ಲಬ್‌ನ ಹಳ್ಳಿಗಳಲ್ಲಿ ಬಾರಿನ ಲೆಕ್ಕಕ್ಕೆ ಬಣ್ಣದ ಮಣಿಗಳೇ ನಾಣ್ಯವಾದವು. ಅತಿಥಿಗಳು ಅವನ್ನು ಕೊರಳಿಗೆ ಹಾಕಿಕೊಂಡೇ ತಿರುಗುತ್ತಿದ್ದರು.

ಇದೇ ಏರ್ಪಾಟನ್ನು ಜೋಡಿಗಳಿಗಾಗಿಯೇ ಮೀಸಲಿಟ್ಟದ್ದು ಜಮೈಕಾ. ಎಪ್ಪತ್ತರ ದಶಕದಲ್ಲಿ ಆ ದೇಶ ರಾಜಕೀಯ ಹಿಂಸೆಯಲ್ಲಿ ಬೇಯುತ್ತಿತ್ತು; 1976ರಲ್ಲಿ ತುರ್ತುಪರಿಸ್ಥಿತಿಯನ್ನೇ ಹೇರಲಾಗಿತ್ತು. ಹೋಟೆಲಿನಿಂದ ಹೊರಗೆ ಕಾಲಿಡಲು ಪ್ರವಾಸಿಗರು ಹೆದರುವ ಕಾಲ. ಓಚೊ ರಿಯೊಸ್ ಹತ್ತಿರ 1949ರಿಂದ ಇದ್ದ ‘ಟವರ್ ಐಲ್’ ಹೋಟೆಲನ್ನು ಜಾನ್ ಈಸಾ 1978ರಲ್ಲಿ ‘ಕಪಲ್ಸ್’ ಎಂದು ಬದಲಿಸಿದರು. ಒಳಗೆ ಪ್ರವೇಶ ಇಬ್ಬಿಬ್ಬರಿಗೆ ಮಾತ್ರ, ಒಳಗಿದ್ದದ್ದೆಲ್ಲ ಒಂದೇ ದರದಲ್ಲಿ. ಮೂರು ವರ್ಷದ ನಂತರ, ಅದುವರೆಗೆ ಏರ್ ಕಂಡೀಷನರ್ ಮತ್ತು ಗೃಹೋಪಯೋಗಿ ಯಂತ್ರಗಳನ್ನು ಮಾರುತ್ತಿದ್ದ ಗಾರ್ಡನ್ ‘ಬುಚ್’ ಸ್ಟೂವರ್ಟ್ ಮಾಂಟೆಗೊ ಬೇ ಪಟ್ಟಣದಲ್ಲಿ ಹಾಳುಬಿದ್ದಿದ್ದ ಒಂದು ಹೋಟೆಲ್ ಕೊಂಡು ‘ಸ್ಯಾಂಡಲ್ಸ್’ ತೆರೆದರು. ಕೆರಿಬಿಯನ್ ದ್ವೀಪಗಳಲ್ಲಿ ಜೋಡಿಗಳ ಪ್ರವಾಸ ಎಂದರೆ ಆ ಹೆಸರು ನೆನಪಾಗುವಷ್ಟು ಅದು ಬೆಳೆಯಿತು. ಹೊರಗಿನ ಬೀದಿ ಅಪಾಯಕಾರಿಯಾಗಿದ್ದರಿಂದ ಗೋಡೆಯೊಳಗೇ ಎಲ್ಲವನ್ನೂ ತಂದಿಟ್ಟ ಉಪಾಯ ಅದು. ಅದರ ಗುರುತು ಇಂದಿಗೂ ಈ ರೆಸಾರ್ಟ್‌ಗಳ ಮೇಲಿದೆ: ಒಳಗೆ ಏನೂ ಕೊರತೆಯಿಲ್ಲ, ಹೊರಗಿನ ದೇಶ ಮಾತ್ರ ಕಾಣುವುದಿಲ್ಲ.

ಮಾಲ್ಡೀವ್ಸ್‌ಗೆ ಗೋಡೆ ಕಟ್ಟುವ ಅಗತ್ಯವೇ ಬರಲಿಲ್ಲ. ಸಮುದ್ರವೇ ಗೋಡೆ.

ಉತ್ತರದಿಂದ ದಕ್ಷಿಣಕ್ಕೆ ಎಂಟುನೂರು ಕಿಲೋಮೀಟರಿಗೂ ಉದ್ದ ಚೆಲ್ಲಿಕೊಂಡಿರುವ ಸುಮಾರು 1,200 ಹವಳ ದ್ವೀಪಗಳ ದೇಶ ಅದು. ಜನ ವಾಸಿಸುವ ದ್ವೀಪಗಳು ಇನ್ನೂರರೊಳಗೆ. ಎಲ್ಲ ದ್ವೀಪಗಳ ನೆಲ ಕೂಡಿಸಿದರೂ ಸುಮಾರು 300 ಚದರ ಕಿಲೋಮೀಟರ್. ನಮ್ಮ ಸಣ್ಣ ತಾಲ್ಲೂಕೊಂದಕ್ಕಿಂತ ಕಡಿಮೆ. ಇಂಥ ಜಾಗಕ್ಕೆ ಪ್ರವಾಸೋದ್ಯಮ ಒಗ್ಗುವುದಿಲ್ಲ ಎಂದು ಅರವತ್ತರ ದಶಕದಲ್ಲಿ ವಿಶ್ವಸಂಸ್ಥೆಯ ತಜ್ಞರೇ ಅಭಿಪ್ರಾಯಪಟ್ಟಿದ್ದರು. ಆದರೆ ಇಟಲಿಯ ಜಾರ್ಜ್ ಕಾರ್ಬಿನ್ ಎಂಬ ಪ್ರವಾಸ ವ್ಯವಸ್ಥಾಪಕರು ಕೊಲಂಬೊದಲ್ಲಿ ಮಾಲ್ಡೀವ್ಸ್ ರಾಯಭಾರ ಕಚೇರಿಯ ಅಹ್ಮದ್ ನಸೀಮ್ ಅವರನ್ನು ಕಂಡು, ದ್ವೀಪಗಳನ್ನು ನೋಡಿ ಮರುಳಾಗಿ, 1972ರ ಫೆಬ್ರುವರಿಯಲ್ಲಿ ಒಂದು ಸಣ್ಣ ತಂಡವನ್ನು ಕರೆತಂದೇಬಿಟ್ಟರು. ಉಳಿಯಲು ಹೋಟೆಲ್ ಇರಲಿಲ್ಲ. ರಾಜಧಾನಿ ಮಾಲೆಯ ಮನೆಗಳಲ್ಲೇ ಇಳಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಹಮನಾಫುಶಿ ಎಂಬ ತೆಂಗಿನ ತೋಟದ ದ್ವೀಪದಲ್ಲಿ, ಹವಳದ ಕಲ್ಲು ಮತ್ತು ತೆಂಗಿನ ಗರಿಗಳಿಂದ ಕಟ್ಟಿದ 30 ಕೋಣೆಗಳ ‘ಕುರುಂಬಾ’ ತೆರೆಯಿತು. ಆಗ ದೇಶದಲ್ಲಿ ಒಂದು ಬ್ಯಾಂಕೂ ಇರಲಿಲ್ಲ. ಮೊದಲ ಬ್ಯಾಂಕಾಗಿ 1974ರಲ್ಲಿ ಅಲ್ಲಿಗೆ ಹೋದದ್ದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ಅಂಥ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷ ದಾಟಿದರು. ದೇಶದ ಒಟ್ಟು ಜನಸಂಖ್ಯೆಯ ಸುಮಾರು ನಾಲ್ಕರಷ್ಟು.

ಈ ಬೆಳವಣಿಗೆಯ ಹಿಂದೆ ಒಂದು ಸರಳ ನೀತಿಯಿದೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಸರ್ಕಾರ ಜನವಸತಿಯಿಲ್ಲದ ದ್ವೀಪವನ್ನು ಗುತ್ತಿಗೆಗೆ ಕೊಡುತ್ತದೆ; ಅಲ್ಲಿ ಏನು ಬೇಕೋ ಅದನ್ನೆಲ್ಲ ರೆಸಾರ್ಟೇ ಕಟ್ಟಿಕೊಳ್ಳಬೇಕು. ಮಾಲ್ಡೀವ್ಸ್ ಸಂಪೂರ್ಣ ಮುಸ್ಲಿಂ ರಾಷ್ಟ್ರ. ಜನರಿರುವ ದ್ವೀಪಗಳಲ್ಲಿ ಮದ್ಯಕ್ಕೆ, ಹಂದಿ ಮಾಂಸಕ್ಕೆ, ಬಿಕಿನಿಯಲ್ಲಿ ಓಡಾಡುವುದಕ್ಕೆ ಅವಕಾಶವಿಲ್ಲ. ರೆಸಾರ್ಟ್ ದ್ವೀಪದಲ್ಲಿ ಇವೆಲ್ಲಕ್ಕೂ ಪರವಾನಗಿಯಿದೆ. ಹೀಗೆ ಎರಡು ಬದುಕುಗಳು ಒಂದನ್ನೊಂದು ಮುಟ್ಟದೆ ಸಾಗಿದವು. 2009–10ರ ಸುಮಾರಿಗೆ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅವಕಾಶ ಸಿಗುವವರೆಗೂ ವಿದೇಶಿ ಪ್ರವಾಸಿ ಒಬ್ಬ ಸಾಮಾನ್ಯ ಮಾಲ್ಡೀವಿಯನ್ನನ ಮನೆ ಅಂಗಳ ನೋಡುವುದೇ ಅಪರೂಪವಾಗಿತ್ತು.

ಇಂಥ ದ್ವೀಪದಲ್ಲಿ ಆಲ್ ಇನ್‌ಕ್ಲೂಸಿವ್ ತೆಗೆದುಕೊಳ್ಳುವುದು ಗೋವಾದಲ್ಲೋ ಬಾಲಿಯಲ್ಲೋ ತೆಗೆದುಕೊಂಡಂತಲ್ಲ. ಗೋವಾದಲ್ಲಿ ಹೋಟೆಲ್ ಊಟ ದುಬಾರಿ ಎನಿಸಿದರೆ ರಸ್ತೆ ದಾಟಿ ಮೀನೂಟದ ಖಾನಾವಳಿ ಹುಡುಕಬಹುದು. ಇಲ್ಲಿ ದಾಟಲು ರಸ್ತೆಯೇ ಇಲ್ಲ. ಕಿರಾಣಿ ಅಂಗಡಿ, ಚಹಾ ಗೂಡು ಏನೂ ಇಲ್ಲ. ಮೀನು, ತೆಂಗು ಬಿಟ್ಟರೆ ಅಕ್ಕಿ, ತರಕಾರಿ, ಹಾಲು, ಮೊಟ್ಟೆ ಬಹುಪಾಲು ಹೊರದೇಶದಿಂದ ಹಡಗು ವಿಮಾನಗಳಲ್ಲಿ ಬಂದು, ಮಾಲೆಯಲ್ಲಿ ಇಳಿದು, ಮತ್ತೆ ದೋಣಿ ಹತ್ತಿ ದ್ವೀಪ ಸೇರಬೇಕು. ಇಬ್ಬರ ಒಂದು ಸಾಧಾರಣ ಮಧ್ಯಾಹ್ನದ ಊಟಕ್ಕೆ ನೂರು ಡಾಲರ್ ಆದರೂ ಆಶ್ಚರ್ಯವಿಲ್ಲ. ಬರೀ ಬೆಳಗಿನ ತಿಂಡಿಯ ದರದಲ್ಲಿ ಕೋಣೆ ಹಿಡಿದು, ‘ಉಳಿದದ್ದು ಅಲ್ಲೇ ನೋಡಿಕೊಂಡರಾಯಿತು’ ಎಂದು ಹೋದವರಿಗೆ ಕೊನೆಯ ದಿನದ ಬಿಲ್ಲು ನಿಜಕ್ಕೂ ಆಘಾತ ಕೊಡುತ್ತದೆ.

ಹಾಗೆಂದು ಜಾಹೀರಾತಿನ ದರವೂ ಕೊನೆಯ ದರವಲ್ಲ. ಅನೇಕ ರೆಸಾರ್ಟ್‌ಗಳು ದರದ ಮುಂದೆ ಎರಡು ಪ್ಲಸ್ ಗುರುತು ಹಾಕಿರುತ್ತವೆ. ಒಂದು ಪ್ಲಸ್ ಶೇ. 10 ಸೇವಾ ಶುಲ್ಕಕ್ಕೆ, ಇನ್ನೊಂದು ಪ್ರವಾಸೋದ್ಯಮದ ಮೇಲಿನ ತೆರಿಗೆಗೆ. ಈ ತೆರಿಗೆ 2023ರ ಆರಂಭದಲ್ಲಿ ಶೇ. 12ರಿಂದ 16ಕ್ಕೆ, 2025ರ ಜುಲೈಯಿಂದ 17ಕ್ಕೆ ಏರಿತು. ಅದರ ಜೊತೆಗೆ ಹಸಿರು ತೆರಿಗೆ. ರೆಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 6 ಡಾಲರ್ ಇದ್ದದ್ದು 2025ರ ಜನವರಿಯಿಂದ 12 ಆಗಿದೆ. ಒಂದು ಉದಾಹರಣೆ ಲೆಕ್ಕ ಹಾಕಿ ನೋಡಬಹುದು. ಇಬ್ಬರಿಗೆ ರಾತ್ರಿಗೆ 500 ಡಾಲರ್ ಎಂದು ಬರೆದಿದೆ ಎನ್ನೋಣ. ಸೇವಾ ಶುಲ್ಕ ಸೇರಿ 550; ಅದರ ಮೇಲೆ ಶೇ. 17 ಸೇರಿ 643 ಡಾಲರ್ 50 ಸೆಂಟ್. ಇಬ್ಬರ ಹಸಿರು ತೆರಿಗೆ 24 ಸೇರಿ 667 ಡಾಲರ್ 50 ಸೆಂಟ್. ನಾಲ್ಕು ರಾತ್ರಿಗೆ 2,000 ಎಂದುಕೊಂಡದ್ದು 2,670 ಆಗುತ್ತದೆ. ಇನ್ನೂ ದ್ವೀಪ ಮುಟ್ಟುವ ಖರ್ಚು ಬಂದಿಲ್ಲ.

ಆ ಖರ್ಚು ಬಹುತೇಕ ಕಡೆ ‘ಎಲ್ಲ ಸೇರಿದ’ ಮೊತ್ತದಲ್ಲಿ ಸೇರಿರುವುದಿಲ್ಲ. ಮಾಲೆಗೆ ಹತ್ತಿರದ ಹವಳವೃತ್ತಗಳಲ್ಲಿರುವ ದ್ವೀಪಗಳಿಗೆ ಸ್ಪೀಡ್‌ಬೋಟ್ ಸಾಕು. ದೂರದವಕ್ಕೆ ಸೀಪ್ಲೇನ್ ಬೇಕು. ಹೋಗಿಬರಲು ತಲೆಗೆ ಸುಮಾರು 400ರಿಂದ 600 ಡಾಲರ್. ಟ್ರಾನ್ಸ್ ಮಾಲ್ಡೀವಿಯನ್ ಏರ್‌ವೇಸ್ ನಡೆಸುವ ಟ್ವಿನ್ ಆಟರ್ ವಿಮಾನಗಳ ದಂಡು ಸೀಪ್ಲೇನ್‌ಗಳ ಮಟ್ಟಿಗೆ ಜಗತ್ತಿನಲ್ಲೇ ಅತಿ ದೊಡ್ಡದು. ಹದಿನೈದಿಪ್ಪತ್ತು ಜನರಷ್ಟೇ ಕೂರುವ ಈ ಪುಟ್ಟ ವಿಮಾನದ ಪೈಲಟ್‌ಗಳು ಬರಿಗಾಲಲ್ಲಿ ಹಾರಿಸುವುದನ್ನು ಕಂಡು ಮೊದಲ ಸಲ ಹೋದವರು ಬೆರಗಾಗುತ್ತಾರೆ. ಕಿಟಕಿಯ ಕೆಳಗೆ ಕಡಲ ತುಂಬ ಹರಡಿದ ಹವಳದ ಬಳೆಗಳು. ನಲವತ್ತು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ. ಪ್ರವಾಸದ ಅತ್ಯುತ್ತಮ ನೋಟ ಇದೇ ಎನ್ನುವವರು ಹಲವರು, ಆ ಮಾತಿನಲ್ಲಿ ಹುರುಳಿದೆ.

ಆದರೆ ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದಿಲ್ಲ. ನೀರಿನ ಮೇಲೆ ಇಳಿಯುವ ವಿಮಾನಕ್ಕೆ ಕಣ್ಣಿಗೆ ಕಾಣುವ ಬೆಳಕೇ ದಾರಿ. ಸಂಜೆ ತಡವಾಗಿ ಮಾಲೆಗೆ ಇಳಿಯುವ ಟಿಕೆಟ್ ಅಗ್ಗವೆಂದು ಕೊಂಡವರು ಆ ರಾತ್ರಿಯನ್ನು ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯ ಯಾವುದೋ ಹೋಟೆಲಿನಲ್ಲಿ ಕಳೆಯಬೇಕಾಗುತ್ತದೆ. ದ್ವೀಪದಲ್ಲಿ ಕಾಯ್ದಿರಿಸಿದ ದುಬಾರಿ ಕೋಣೆ ಖಾಲಿಯೇ ಉಳಿಯುತ್ತದೆ. ಹೊರಡುವ ದಿನದ್ದೂ ಇದೇ ಕಥೆ. ಮದುವೆಯ ಸೂಟ್‌ಕೇಸನ್ನೇ ಹೊತ್ತು ಹೋಗುವುದೂ ಬೇಡ. ಸೀಪ್ಲೇನ್‌ನಲ್ಲಿ ಸಾಮಾನ್ಯವಾಗಿ 20 ಕಿಲೊ ಸಾಮಾನು, 5 ಕಿಲೊ ಕೈಚೀಲ. ಅದರ ಮೇಲಿನ ಪ್ರತಿ ಕಿಲೊಗೂ ಹಣ. ದ್ವೀಪದಲ್ಲಿ ಹೇಗೂ ಚಪ್ಪಲಿಯನ್ನೇ ಯಾರೂ ಹೆಚ್ಚು ಹಾಕುವುದಿಲ್ಲ.

ಏನೆಲ್ಲ ಸೇರಿದೆ ಎಂಬುದನ್ನು ಸಾಲುಸಾಲಾಗಿ ಬರಹದಲ್ಲಿ ಕೇಳಿ ಪಡೆಯುವುದು ಅತ್ಯಗತ್ಯ. ಆಲ್ ಇನ್‌ಕ್ಲೂಸಿವ್‌ನಲ್ಲೇ ಮೇಲ್ದರ್ಜೆ, ಕೆಳದರ್ಜೆ ಎಂದು ಮೂರ್ನಾಲ್ಕು ಬಗೆ. ಒಂದರಲ್ಲಿ ಬಫೆ ಊಟ ಮಾತ್ರ ಸೇರಿ, ಜಪಾನಿ ಅಥವಾ ಇಟಾಲಿಯನ್ ರೆಸ್ಟೊರೆಂಟಿಗೆ ಬೇರೆ ದುಡ್ಡು. ಇನ್ನೊಂದರಲ್ಲಿ ಕೋಣೆಯ ಮಿನಿಬಾರ್ ಕೂಡ ಉಚಿತ. ಸ್ಪಾ, ಸ್ಕೂಬಾ, ಜೆಟ್ ಸ್ಕೀ, ಮರಳುದಿಬ್ಬದ ಮೇಲೆ ಇಬ್ಬರಿಗೇ ಹಾಕುವ ಮೋಂಬತ್ತಿಯ ಊಟ, ಸಿಗಡಿ ಜಾತಿಯ ದೊಡ್ಡ ಲಾಬ್‌ಸ್ಟರ್ ಇವು ಸಾಮಾನ್ಯವಾಗಿ ಹೊರಗಿನವು. ಹೊಸದಾಗಿ ಮದುವೆಯಾದವರಿಗೆ ಕೇಕ್, ಹೂವಿನ ಹಾಸಿಗೆ, ಒಂದು ವಿಶೇಷ ಊಟ ಉಚಿತ ಎನ್ನುವ ರೆಸಾರ್ಟ್‌ಗಳು ಅನೇಕ ಸಲ ಮದುವೆ ನೋಂದಣಿ ಪತ್ರ ಕೇಳುತ್ತವೆ. ಹೊರಡುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿಕೊಂಡರೆ ಒಳ್ಳೆಯದು.

ಕನ್ನಡದ ಎಷ್ಟೋ ಮನೆಗಳಿಂದ ಹೋಗುವ ಜೋಡಿಗಳಿಗೆ ಇನ್ನೂ ಒಂದು ಮಾತು ಹೇಳಬೇಕು. ಆಲ್ ಇನ್‌ಕ್ಲೂಸಿವ್ ದರದಲ್ಲಿ ದೊಡ್ಡ ಪಾಲು ಮದ್ಯದ್ದು. ಇಬ್ಬರೂ ಕುಡಿಯದವರಾದರೆ ಇನ್ನಾರದೋ ಕಾಕ್‌ಟೇಲ್‌ಗೆ ಅವರು ಹಣ ಕಟ್ಟಿದಂತೆ. ಅಂಥವರಿಗೆ ಮೂರು ಹೊತ್ತಿನ ಊಟ ಮಾತ್ರ ಸೇರಿದ ಫುಲ್ ಬೋರ್ಡ್ ಸಾಕು. ನೀರು, ಹಣ್ಣಿನ ರಸ, ಕಾಫಿಗೆ ಎಷ್ಟಾದೀತು ಎಂದು ಕೇಳಿಕೊಂಡು ಎರಡನ್ನೂ ತೂಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಅದನ್ನು ಹೇಳಬೇಕು. ಮಾಲ್ಡೀವ್ಸ್‌ನ ಅಡುಗೆಯ ಜೀವಾಳವೇ ಟ್ಯೂನಾ ಮೀನು. ಒಣಗಿಸಿ ಪುಡಿ ಮಾಡಿದ ಮೀನು ನೋಡಲು ತರಕಾರಿಯಂತಿರುವ ಪಲ್ಯದಲ್ಲೂ ಇರಬಹುದು. ಮೊದಲೇ ತಿಳಿಸಿದರೆ ಭಾರತೀಯ ಬಾಣಸಿಗರಿರುವ ರೆಸಾರ್ಟ್‌ಗಳು ಸಾರು, ಅನ್ನ, ಮೊಸರು ಮಾಡಿಕೊಡುವುದಕ್ಕೆ ಹಿಂಜರಿಯುವುದಿಲ್ಲ. ಅಲ್ಲಿ ದುಡಿಯುವವರಲ್ಲಿ ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳದವರ ಜೊತೆ ನಮ್ಮವರೂ ಬಹಳ. ಮಣಿಪಾಲ, ಮಂಗಳೂರುಗಳ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಕಲಿತವರೂ ಅಲ್ಲಿ ಕೆಲಸಕ್ಕೆ ಹೋಗುತ್ತಾರೆ.

ಭಾರತೀಯರಿಗೆ ವೀಸಾ ಚಿಂತೆಯಿಲ್ಲ. ಇಳಿದ ಮೇಲೆ ಅನುಮತಿ ಉಚಿತವಾಗಿ ಸಿಗುತ್ತದೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಆನ್‌ಲೈನ್ ಘೋಷಣೆ ತುಂಬಿರಬೇಕು, ವಾಪಸ್ ಟಿಕೆಟ್ ಮತ್ತು ಕೋಣೆ ಕಾಯ್ದಿರಿಸಿದ ಪತ್ರ ಕೈಯಲ್ಲಿರಬೇಕು. ಬೆಂಗಳೂರಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಮಾಲೆಯ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಪೂಜೆಯ ವಿಗ್ರಹಗಳನ್ನು ಒಳಗೆ ಒಯ್ಯುವುದಕ್ಕೂ ನಿಷೇಧವಿದೆ. ಅತ್ತೆ ಪ್ರೀತಿಯಿಂದ ಸೊಸೆಯ ಚೀಲದಲ್ಲಿಟ್ಟ ಪುಟ್ಟ ಗಣಪತಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ.

ಯಾವಾಗ ಹೋಗಬೇಕು? ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಶಾಂತ ಕಡಲು, ದರ ಏರಿಕೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾನ್ಸೂನ್. ಮಂಗಳೂರು ಕಾರವಾರಗಳಿಗೆ ಮಳೆ ಸುರಿಸುವ ಅದೇ ಗಾಳಿ. ಆದರೆ ಇಲ್ಲಿ ಪಶ್ಚಿಮ ಘಟ್ಟದಂಥ ತಡೆಯಿಲ್ಲದ್ದರಿಂದ ಮಳೆ ನಮ್ಮ ಕರಾವಳಿಯ ಜಡಿಮಳೆಯಂತೆ ಇರುವುದಿಲ್ಲ. ಬಂದು ಹೋಗುತ್ತದೆ, ನಡುವೆ ಬಿಸಿಲು ಬೀಳುತ್ತದೆ. ದರವೂ ಇಳಿದಿರುತ್ತದೆ. ಆ ಗಾಳಿಯೇ ಕಡಲಲ್ಲಿ ಪ್ಲವಕಗಳನ್ನು ತಂದು ತುಂಬುತ್ತದೆ, ಅವನ್ನು ತಿನ್ನಲು ರೆಕ್ಕೆ ಚಾಚಿದರೆ ಮೂರ್ನಾಲ್ಕು ಮೀಟರ್ ಅಗಲವಾಗುವ ಮಾಂಟಾ ಮೀನುಗಳು ಬರುತ್ತವೆ. ಬಾ ಹವಳವೃತ್ತದ ಹನಿಫಾರು ಕೊಲ್ಲಿಯಲ್ಲಿ ಹತ್ತಾರು ಮಾಂಟಾಗಳು ಸುರುಳಿ ಸುತ್ತುತ್ತ ಮೇಯುವುದು ಈ ಮಳೆಗಾಲದಲ್ಲೇ. 2011ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶವಾದ ಆ ವೃತ್ತದಲ್ಲಿ, ಕೊಲ್ಲಿಯೊಳಗೆ ಸ್ಕೂಬಾ ನಿಷಿದ್ಧ. ಸ್ನಾರ್ಕೆಲ್ ಹಾಕಿ ತೇಲುತ್ತಲೇ ನೋಡಬೇಕು. ಜೇಬಿಗೂ ಹಿತ, ಕಣ್ಣಿಗೂ ಹಬ್ಬ. ಈ ಕಾರಣಕ್ಕೆ ಮಳೆಗಾಲವನ್ನು ಬೇಕೆಂದೇ ಆರಿಸುವವರು ಜಾಣರು.

ಫೋಟೊಗಳಲ್ಲಿ ಕಾಣುವ, ಕಂಬಗಳ ಮೇಲೆ ನೀರಲ್ಲಿ ನಿಂತ ವಾಟರ್ ವಿಲ್ಲಾ ಮಾಲ್ಡೀವ್ಸ್‌ನ ಸೃಷ್ಟಿಯಲ್ಲ. 1967ರಲ್ಲಿ ಫ್ರೆಂಚ್ ಪಾಲಿನೇಷಿಯಾದ ರಾಯಾಟೇಯಾ ದ್ವೀಪದಲ್ಲಿ ಮೂವರು ಅಮೆರಿಕನ್ ಗೆಳೆಯರಿಗೆ ಒಂದು ಹೋಟೆಲ್ ಇತ್ತು, ಮರಳತೀರ ಇರಲಿಲ್ಲ. ಹಾಗಾಗಿ ಕೋಣೆಗಳನ್ನೇ ನೀರಿನ ಮೇಲಕ್ಕೆ ಒಯ್ದರು. ಬೆಳ್ಳನೆಯ ಮರಳತೀರ ಧಾರಾಳವಾಗಿರುವ ಮಾಲ್ಡೀವ್ಸ್‌ನಲ್ಲಿ ಅದಕ್ಕೆ ಹೆಚ್ಚು ಹಣ ಕೊಡಬೇಕೇ ಎಂಬುದು ಯೋಚಿಸಬೇಕಾದ ವಿಷಯ. ಮೆಟ್ಟಿಲಿಳಿದರೆ ಸಮುದ್ರ, ಗಾಜಿನ ನೆಲದಡಿ ಮೀನು, ನೆರೆಯವರ ಕಣ್ಣಿಲ್ಲದ ಏಕಾಂತ ಇವು ಅದರ ಸೊಬಗು. ಆದರೆ ಮಧ್ಯಾಹ್ನದ ಬಿಸಿಲಿಗೆ ಮರದ ನೆರಳಿಲ್ಲ, ಊಟಕ್ಕೆ ಉದ್ದನೆಯ ಮರದ ಸೇತುವೆ ನಡೆದು ಬರಬೇಕು. ಎರಡು ರಾತ್ರಿ ತೀರದ ಮನೆ, ಎರಡು ರಾತ್ರಿ ನೀರಿನ ಮನೆ ಎಂದು ಹಂಚಿಕೊಳ್ಳಲು ಅನೇಕ ರೆಸಾರ್ಟ್‌ಗಳು ಒಪ್ಪುತ್ತವೆ. ಕೋಣೆಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ದ್ವೀಪದ ಸುತ್ತಲಿನ ಹವಳದಿಬ್ಬದ ಬಗ್ಗೆ. ದಡದಿಂದ ಈಜಿ ಮುಟ್ಟುವಷ್ಟು ಹತ್ತಿರ ಜೀವಂತ ಹವಳ ಇದ್ದರೆ ಇಡೀ ರಜೆಯ ರಂಗೇ ಬೇರೆ. ಆಮೆ, ಗಿಳಿಮೀನು, ಚಿಕ್ಕ ಶಾರ್ಕ್‌ಗಳನ್ನು ನೋಡಲು ಪೈಸೆಯೂ ಬೇಡ.

ಆ ಗಿಳಿಮೀನಿಗೆ ಇನ್ನೊಂದು ಮರ್ಯಾದೆ ಸಲ್ಲಬೇಕು. ಅದು ಹವಳದ ಬಂಡೆಯನ್ನು ಕೆರೆದು ತಿನ್ನುತ್ತದೆ, ಅರೆದ ಸುಣ್ಣವನ್ನು ಮರಳಾಗಿ ವಿಸರ್ಜಿಸುತ್ತದೆ. ವಕ್ಕರು ದ್ವೀಪದ ಹವಳದಿಬ್ಬದ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಹುಟ್ಟುವ ಮರಳಿನ ಶೇ. 85ಕ್ಕೂ ಹೆಚ್ಚು ಭಾಗ ಗಿಳಿಮೀನಿನದೇ ಎಂದು ಕಂಡುಬಂತು. ಜೋಡಿಗಳು ಕೈ ಹಿಡಿದು ನಡೆಯುವ ಆ ಬಿಳಿ ತೀರ ಹವಳ ಬದುಕಿದ್ದರೆ ಮಾತ್ರ ಉಳಿಯುತ್ತದೆ. 1998ರಲ್ಲಿ ಕಡಲು ಕಾದು ಹವಳಗಳು ಬೆಳ್ಳಗಾಗಿ ಸತ್ತವು. 2016ರಲ್ಲಿ ಮತ್ತೆ, ಸಮೀಕ್ಷೆ ನಡೆಸಿದ ಕಡೆಗಳಲ್ಲಿ ಸುಮಾರು ಶೇ. 60 ಹವಳ ಬಿಳಿಚಿಕೊಂಡಿತು. ಹವಳದ ಮೇಲೆ ಕಾಲೂರಿ ನಿಂತು ಫೋಟೊ ತೆಗೆಸಿಕೊಳ್ಳುವುದು ಎಷ್ಟು ದೊಡ್ಡ ತಪ್ಪು ಎಂಬುದನ್ನು ಪ್ರವಾಸಿಗರಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ.

ರೆಸಾರ್ಟ್ ದ್ವೀಪದ ನಡುವಿನ ಗಿಡಮರಗಳ ಹಿಂದೆ, ಅತಿಥಿಗಳ ದಾರಿ ಹೋಗದ ಕಡೆ ಇನ್ನೊಂದು ಊರೇ ಇದೆ. ಡೀಸೆಲ್ ಜನರೇಟರ್, ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರ, ಲಾಂಡ್ರಿ, ಕೊಳಚೆ ಶುದ್ಧೀಕರಣ, ಸಿಬ್ಬಂದಿಯ ವಸತಿ, ಪ್ರಾರ್ಥನಾ ಮಂದಿರ. ಸ್ನಾನದ ಒಂದೊಂದು ಬಕೆಟ್ ನೀರೂ ಡೀಸೆಲ್ ಸುಟ್ಟು ತಯಾರಾದದ್ದು. ದ್ವೀಪಗಳ ಅಡಿಯಲ್ಲಿ ಸಿಹಿನೀರು ತೆಳುವಾದ ಪದರವಾಗಿ ಮಾತ್ರ ಇರುತ್ತದೆ. 2004ರ ಸುನಾಮಿ ಅನೇಕ ದ್ವೀಪಗಳಲ್ಲಿ ಅದನ್ನೂ ಉಪ್ಪಾಗಿಸಿತು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ತಗಲಿದಾಗ ರಾಜಧಾನಿಯೇ ಬಾಯಾರಿತು. ಭಾರತ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಿತು. ಕಸದ ಕಥೆ ಇನ್ನೂ ಕಷ್ಟದ್ದು. ಮಾಲೆಯ ಪಕ್ಕದ ಲಗೂನನ್ನು 1992ರಿಂದ ಕಸ ಸುರಿದು ತುಂಬುತ್ತ ಹೋದದ್ದರಿಂದ ತಿಲಫುಶಿ ಎಂಬ ದ್ವೀಪವೇ ಸೃಷ್ಟಿಯಾಯಿತು. ಹಸಿರು ತೆರಿಗೆ ಏಕೆ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ. ಬಫೆಯಲ್ಲಿ ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಡುವುದು ಎಲ್ಲಿ ಮಾಡಿದರೂ ತಪ್ಪೇ. ಸಾವಿರಾರು ಮೈಲಿ ಸಾಗಿಬಂದ ಅನ್ನವನ್ನು ಇಂಥ ಜಾಗದಲ್ಲಿ ಬಿಡುವುದು ಇನ್ನೂ ದೊಡ್ಡ ತಪ್ಪು.

ಈ ರೆಸಾರ್ಟ್ ದ್ವೀಪದಾಚೆಯ ದೇಶವನ್ನು ನೋಡಲು ಜೋಡಿಗಳು ಒಂದು ದಿನವಾದರೂ ಎತ್ತಿಡಬೇಕು. ರೆಸಾರ್ಟ್‌ಗಳು ಹತ್ತಿರದ ಜನವಸತಿಯ ದ್ವೀಪಕ್ಕೆ ಅರ್ಧ ದಿನದ ದೋಣಿ ಪ್ರಯಾಣ ಏರ್ಪಡಿಸುತ್ತವೆ. ಇಲ್ಲವೇ ಹಿಂತಿರುಗುವ ಮುನ್ನ ಒಂದು ರಾತ್ರಿ ಮಾಫುಶಿಯಂಥ ದ್ವೀಪದ ಅತಿಥಿಗೃಹದಲ್ಲಿ ಇಳಿಯಬಹುದು. ಮೈತುಂಬ ಬಟ್ಟೆ ಬೇಕು, ಮದ್ಯ ಇಲ್ಲ, ಶುಕ್ರವಾರ ಸಾರ್ವಜನಿಕ ದೋಣಿ ಕಡಿಮೆ. ಅದಕ್ಕೆ ಪ್ರತಿಯಾಗಿ ಸಿಗುವುದು ಬಹಳ. ಬೆಳಗಿನ ತಿಂಡಿಗೆ ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ನಿಂಬೆ ಹಿಸುಕಿ ಕಲಸಿದ ಮಸ್ ಹುನಿ, ಜೊತೆಗೆ ನಮ್ಮ ರೊಟ್ಟಿಯ ಬಳಗದ ರೋಶಿ. ಸಂಜೆ ಚಹಾ ಅಂಗಡಿಯಲ್ಲಿ ಕರಿದ ತಿಂಡಿಗಳ ತಟ್ಟೆ. ಮನೆ ಮುಂದೆ ಹಗ್ಗದ ಜೋಲಿಕುರ್ಚಿಯಲ್ಲಿ ಕೂತು ಹರಟುವ ಹಿರಿಯರು. ರೆಸಾರ್ಟ್‌ನಲ್ಲಿ ರಾತ್ರಿ ಪ್ರದರ್ಶನವಾಗಿ ನೋಡಿದ ಬೊಡು ಬೆರು ಡೊಳ್ಳಿನ ಕುಣಿತ ಇಲ್ಲಿ ಮದುವೆಗೋ ಹಬ್ಬಕ್ಕೋ ಬಾರಿಸುವಂಥದ್ದು. ತೆಂಗು, ಮೀನು, ಮಸೀದಿ, ತಗಡಿನ ಮನೆ ಇವನ್ನೆಲ್ಲ ಕಂಡಾಗ ಕರಾವಳಿಯ ಕನ್ನಡಿಗರಿಗೆ ಅಪರಿಚಿತ ಎನಿಸುವುದಿಲ್ಲ.

2023ರಲ್ಲಿ ಮಾಲ್ಡೀವ್ಸ್‌ಗೆ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸಿದ ದೇಶ ಭಾರತ. ಹೋದವರ ಸಂಖ್ಯೆ ಎರಡು ಲಕ್ಷ ದಾಟಿತ್ತು. 2024ರ ಜನವರಿಯಲ್ಲಿ ಭಾರತದ ಪ್ರಧಾನಿ ಲಕ್ಷದ್ವೀಪಕ್ಕೆ ಭೇಟಿ ಕೊಟ್ಟಾಗ ಮಾಲ್ಡೀವ್ಸ್‌ನ ಮೂವರು ಉಪಸಚಿವರು ಆಡಿದ ಮಾತುಗಳಿಂದ ಗಲಾಟೆ ಎದ್ದು, ಅವರನ್ನು ಅಮಾನತು ಮಾಡಿದರೂ, ಆ ವರ್ಷ ಭಾರತೀಯರ ಸಂಖ್ಯೆ ಸುಮಾರು 1.3 ಲಕ್ಷಕ್ಕೆ ಕುಸಿಯಿತು. ಅಂದಿನಿಂದ ಲಕ್ಷದ್ವೀಪದ ಹೆಸರು ಮಧುಚಂದ್ರದ ಮಾತುಕತೆಗಳಲ್ಲೂ ಕೇಳಿಬರುತ್ತಿದೆ. ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ ಅದಕ್ಕೂ ಒಂದು ವರ್ಷ ಮೊದಲೇ, 2023ರ ಜನವರಿಯಲ್ಲಿ, ಸುಹೇಲಿ ಮತ್ತು ಕದ್ಮತ್ ದ್ವೀಪಗಳಲ್ಲಿ ತೀರದ ಮನೆ, ನೀರಿನ ಮನೆಗಳುಳ್ಳ ತಲಾ 110 ಕೋಣೆಗಳ ತಾಜ್ ರೆಸಾರ್ಟ್‌ಗಳ ಯೋಜನೆ ಪ್ರಕಟಿಸಿತ್ತು.

ಕದ್ಮತ್ ಕನ್ನಡಿಗರಿಗೆ ದೂರದ ಹೆಸರಲ್ಲ. ಅಮೀನ್‌ದಿವಿ ದ್ವೀಪಗಳ ಗುಂಪಿಗೆ ಸೇರಿದ ಅದು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಕೈಗೆ ಬಂದು, 1799ರ ನಂತರ ಬ್ರಿಟಿಷರ ಕೆನರಾ ಆಡಳಿತಕ್ಕೆ ಸೇರಿ, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ದ್ವೀಪಗಳ ತೆಂಗಿನ ನಾರು ಬಂದಿಳಿಯುತ್ತಿದ್ದದ್ದು ಮಂಗಳೂರಿನ ಬಂದರಿಗೆ. ಮಾಲ್ಡೀವ್ಸ್‌ನ ರೆಸಾರ್ಟ್‌ಗಳು ಹುಟ್ಟಿದ್ದು ಜನರಿಲ್ಲದ ದ್ವೀಪಗಳಲ್ಲಿ. ಕದ್ಮತ್‌ನಲ್ಲಾದರೋ ಮೂರು ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಐದು ಸಾವಿರಕ್ಕೂ ಹೆಚ್ಚು ಜನ ಈಗಾಗಲೇ ಬದುಕುತ್ತಿದ್ದಾರೆ. ಮೀನು ಹಿಡಿಯುವ ಲಗೂನ್ ಅವರದು, ಅಡಿಯಲ್ಲಿರುವ ತೆಳ್ಳನೆಯ ಸಿಹಿನೀರಿನ ಪದರವೂ ಅವರದು. ಜೋಡಿಗಳಿಗಾಗಿ ಕಟ್ಟುವ ಮನೆಗಳ ನೀರು ಎಲ್ಲಿಂದ, ಕಸ ಎಲ್ಲಿಗೆ, ಕೆಲಸ ಯಾರಿಗೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಮೊದಲು ಉತ್ತರ ಪಡೆಯಬೇಕಾದವರು ಅವರೇ.